ಒಡೆದ ಕಲ್ಲಿನ ಪುಟ

ನಮ್ಮ ಹಳೆಯ ಆನ್‌ಲೈನ್ ಫೋರಮ್ ಇನ್ನು ಹನ್ನೊಂದು ದಿನಗಳಲ್ಲಿ ಇಲ್ಲವಾಗುತ್ತದೆ ಎಂದು ತಿಳಿದಾಗ ನಾನು ಕೋಲಾರದ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್‌ಗಳಿಗೆ ಚೀಟಿ ಅಂಟಿಸುತ್ತಿದ್ದೆ. ಫೋನ್ ಮಾಡಿದವನು ಮಾಲೂರಿನ ಗೆಳೆಯ. ಅಲ್ಲಿ ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿರುವ ಅವನು ನಮ್ಮ ಕೂಟಕ್ಕೆ ಹೊಸ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಹಳೆಯದು ಯಾವ ಕಂಪನಿಯ ಸರ್ವರ್‌ನಲ್ಲಿತ್ತೋ ಅವರು ಆ ಸೇವೆಯನ್ನೇ ನಿಲ್ಲಿಸುತ್ತಿದ್ದರಂತೆ. ಅಷ್ಟರೊಳಗೆ ಇಳಿಸಿಕೊಳ್ಳದಿದ್ದರೆ ಎಲ್ಲ ಅಳಿಸಿಹೋಗುತ್ತದಂತೆ. ಇಳಿಸಲು ಬೇಕಾದ ಪಾಸ್‌ವರ್ಡ್ ಇದ್ದದ್ದು ಫೋರಮ್ ನೋಡಿಕೊಳ್ಳುತ್ತಿದ್ದ ಮುಳಬಾಗಿಲಿನ ಆಡಿಟರ್ ಒಬ್ಬರ ಹತ್ತಿರ. ಅವರು ಕೊಡುವುದಿಲ್ಲ ಎಂದುಬಿಟ್ಟಿದ್ದರು.

"ನೀವೇ ಹೋಗಿ ಕೇಳ್ಬೇಕು ಮೇಡಂ," ಎಂದ. ಯಾಕೆ ನಾನೇ ಎಂದು ನಾನು ಕೇಳಲಿಲ್ಲ.

ನಮ್ಮದು ವೀರಗಲ್ಲು, ಶಾಸನಗಳನ್ನು ಹುಡುಕಿಕೊಂಡು ಹೋಗುವ ಹವ್ಯಾಸದವರ ಕೂಟ. ಇತಿಹಾಸ ಓದಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಭಾನುವಾರ ಬೆಳಗ್ಗೆ ಯಾವುದೋ ಹಳ್ಳಿಯ ಬಸ್ಸು ಹಿಡಿದು ಹೋಗಿ, ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ವಾಲಿ ನಿಂತ ಕಲ್ಲನ್ನು ತೊಳೆದು, ಅಕ್ಷರದ ಗೀರುಗಳಿಗೆ ಮೈದಾ ಹಿಟ್ಟು ಸವರಿ ಫೋಟೋ ತೆಗೆಯುತ್ತಿದ್ದೆವು. ಸಂಜೆಗೆ ಅದು ಫೋರಮ್‌ನಲ್ಲಿರುತ್ತಿತ್ತು. ಒಂದೊಂದು ಕಲ್ಲಿಗೂ ಒಂದೊಂದು ಪುಟ. ಅದರ ಕೆಳಗೆ ವಾರಗಟ್ಟಲೆ ವಾದ: ಅದು ಳ ಅಲ್ಲ, ಹಳೆಯ ೞ; ಆ ಮನುಷ್ಯನ ಕೈಯಲ್ಲಿರುವುದು ಬಿಲ್ಲಲ್ಲ, ಕತ್ತಿ. ಆಮೇಲೆ ಎಷ್ಟೋ ಕಲ್ಲುಗಳು ಮನೆಯ ಪಾಯಕ್ಕೆ ಹೋದವು, ಹೊಲ ಮಟ್ಟ ಮಾಡುವಾಗ ಜೆಸಿಬಿಯ ಬಾಯಿಗೆ ಸಿಕ್ಕವು. ಅವುಗಳಿಗೆ ಉಳಿದಿದ್ದ ಜಾಗ ಆ ಪುಟಗಳು ಮಾತ್ರ.

ಆದರೆ ಆರು ವರ್ಷದಿಂದ ಅಲ್ಲಿ ಯಾರೂ ಏನೂ ಬರೆದಿರಲಿಲ್ಲ. ಆಡಿಟರೇ ಬೀಗ ಹಾಕಿದ್ದರು. ಓದಬಹುದಿತ್ತು, ಹೊಸದಾಗಿ ಬರೆಯುವಂತಿರಲಿಲ್ಲ. ಅದಕ್ಕೆ ಕಾರಣ ನಾನು.

ಹುತ್ತೂರಿನ ಆಚೆ ಒಂದು ಹಳ್ಳಿಯಲ್ಲಿ ರೇಷ್ಮೆ ಬೆಳೆಯುವ ಮನೆಯ ಹೆಂಗಸೊಬ್ಬರು ತಮ್ಮ ಹಿಪ್ಪುನೇರಳೆ ತೋಟದ ಅಂಚಿನ ಕಲ್ಲನ್ನು ನನಗೆ ತೋರಿಸಿದ್ದರು. ಹೊಂಗೆ ಮರದ ಬುಡದಲ್ಲಿ ಎದೆಯೆತ್ತರದ ವೀರಗಲ್ಲು, ಮೇಲ್ಗಡೆ ಐದು ಸಾಲು ಅಕ್ಷರ, ಒಂದೂ ಸವೆದಿರಲಿಲ್ಲ. ಅಂಥದ್ದು ನನಗೆ ಅದಕ್ಕೆ ಮೊದಲು ಸಿಕ್ಕಿರಲಿಲ್ಲ. ಖುಷಿಯ ಭರದಲ್ಲಿ ಬಸ್ಸಿಳಿಯುವ ಜಾಗದಿಂದ ಹಿಡಿದು ಯಾವ ಪಂಪ್‌ಹೌಸ್ ದಾಟಿ ಯಾವ ಕಡೆ ತಿರುಗಬೇಕು ಎಂಬುದನ್ನೆಲ್ಲ ಬರೆದುಹಾಕಿದೆ. ಮೂರು ವಾರಕ್ಕೆ ಸುದ್ದಿ ಬಂತು. ನಿಧಿ ಹುಡುಕುವವರು ಯಾರೋ ಬಂದು ಕಲ್ಲನ್ನು ಕಿತ್ತು, ಅದರಡಿ ಆಳೆತ್ತರದ ಗುಂಡಿ ತೋಡಿ ಹೋಗಿದ್ದರು. ಕಲ್ಲು ಮೂರು ತುಂಡಾಗಿತ್ತು. ಅಕ್ಷರವಿದ್ದ ತುಂಡು ಜಜ್ಜಿಹೋಗಿತ್ತು.

ಆಡಿಟರ್ ಮತ್ತು ನಾನು ಹೋಗಿ ನೋಡಿ ಬಂದೆವು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದರು: "ದಾರಿ ಬರೆದವರು ನಾವು." ನೀನು ಎನ್ನಲಿಲ್ಲ, ನಾವು ಎಂದರು. ಅದು ನನ್ನನ್ನು ಹೆಚ್ಚು ಚುಚ್ಚಿತು. ನಮ್ಮ ಪುಟ ನೋಡಿಯೇ ನಿಧಿಗಳ್ಳರು ಬಂದರೆಂಬುದಕ್ಕೆ ಸಾಕ್ಷಿ ಇರಲಿಲ್ಲ, ಇವತ್ತಿಗೂ ಇಲ್ಲ. ಆ ಅನುಮಾನದ ಮರೆಯಲ್ಲೇ ನಾನು ಆರು ವರ್ಷ ಕಳೆದಿದ್ದೆ.

ಮುಳಬಾಗಿಲಿಗೆ ಹೋಗುವಷ್ಟರಲ್ಲಿ ಐದು ದಿನ ಕಳೆದಿತ್ತು. ಡ್ಯೂಟಿ ನೆಪ ಹೇಳಿಕೊಂಡೆ, ನಿಜವಾಗಿ ಹೆದರಿಕೆ. ಆಡಿಟರ್ ನಡುಮನೆಯಲ್ಲಿ ಕುಳಿತು ಪೇಪರ್ ಓದುತ್ತಿದ್ದರು. ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳನ್ನೆಲ್ಲ ಹೇಳಿದೆ. ಎಷ್ಟು ಜನರ ಎಷ್ಟು ವರ್ಷದ ಕೆಲಸ ಎಂದೆ. ಎಷ್ಟೋ ಕಲ್ಲುಗಳಿಗೆ ಬೇರೆ ಫೋಟೋ ಇಲ್ಲ ಎಂದೆ. ಅವರು ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು.

"ಅದೆಲ್ಲ ನಂಗೊತ್ತಮ್ಮಾ. ಆಯಮ್ಮನಿಗೆ ಹೇಳಿದ್ದೀಯಾ?"

ಯಾರಿಗೆ ಎಂದು ಕೇಳುವ ಧೈರ್ಯ ಬರಲಿಲ್ಲ. ಇಲ್ಲ ಎಂದೆ.

"ಕಲ್ಲು ತೋರಿಸಿದೋರು ಅವರು. ಹೋಗಿ ಹೇಳು. ಆಮೇಲೆ ಫೋನ್ ಮಾಡು, ಪಾಸ್‌ವರ್ಡ್ ಕೊಡ್ತೀನಿ. ಹೇಳದೆ ಮಾಡಬೇಡ."

ಕೋಪ ಬಂದರೆ ತೆಲುಗಿಗೆ ಜಾರುವವರು ಅವರು. ಅವತ್ತು ಪೂರ್ತಿ ಕನ್ನಡದಲ್ಲೇ, ಮೆಲ್ಲಗೆ ಮಾತಾಡಿದರು. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆನೇನೋ.

ಮಾರನೆಯ ದಿನ ರಜೆ ಹಾಕಿ ಹೋದೆ. ಆಕೆ ರೇಷ್ಮೆ ಮನೆಯ ಮುಂದಿನ ಚಪ್ಪರದಡಿ ಸೊಪ್ಪು ಹರಡುತ್ತಿದ್ದರು. ಹುಳು ಕೊನೆಯ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದಿದೆ, ಮೇವು ಎಷ್ಟು ಹಾಕಿದರೂ ಸಾಲದು ಎಂದರು. ಆರು ವರ್ಷದ ಮೇಲೂ ನನ್ನ ಗುರುತು ಹಿಡಿದು, ಒಳಗೆ ಬರಬೇಡಿ, ಹುಳಕ್ಕೆ ಸೋಂಕು ತಗಲುತ್ತೆ, ಇಲ್ಲೇ ಕೂತ್ಕೊಳ್ಳಿ ಎಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ನಾನು ಕೂರಲಿಲ್ಲ. ಕೂತರೆ ಕಾಫಿ ಬರುತ್ತದೆ, ಕಾಫಿ ಕುಡಿದ ಮೇಲೆ ಹೇಳಲಾಗುವುದಿಲ್ಲ ಎನಿಸಿತು.

ನಿಂತಲ್ಲೇ ಹೇಳಿದೆ. ಕಲ್ಲು ನೋಡಿ ಹೋದ ದಿನವೇ ನಿಮ್ಮ ತೋಟದ ದಾರಿಯನ್ನು ಇಂಟರ್‌ನೆಟ್‌ನಲ್ಲಿ ಬರೆದೆ, ಯಾರು ಬೇಕಾದರೂ ಓದುವ ಹಾಗೆ ಬರೆದೆ, ಆಮೇಲೆಯೇ ಅದು ಆದದ್ದು ಎಂದೆ. ಆಕೆಯ ಕೈ ಸೊಪ್ಪಿನ ಮೇಲೆ ಹಾಗೇ ನಿಂತಿತು.

"ಯಾವತ್ತು ಬರೆದ್ರಿ?"

"ಅವತ್ತೇ ಅಕ್ಕಾ. ಸಂಜೆ."

ಅವರು ಎದ್ದು ಗೋಣಿಚೀಲದಲ್ಲಿ ಕೈ ಒರೆಸಿಕೊಂಡರು. "ನಮ್ಮ ಭಾವ ಆರು ವರ್ಷದಿಂದ ನಮ್ಮನೆ ಹೊಸ್ಲು ತುಳಿದಿಲ್ಲ," ಎಂದರು. "ಕಲ್ಲಿನ ವಿಷ್ಯ ಅವರೇ ಯಾರಿಗೋ ಹೇಳವ್ರೆ ಅಂತ ನಮ್ಮ ಯಜಮಾನ್ರು ಅಂದ್ಬಿಟ್ರು. ಅಷ್ಟೂ ಜನರ ಮುಂದೆ."

ಕಲ್ಲು ಒಡೆದದ್ದನ್ನೇ ನನ್ನ ತಪ್ಪಿನ ಕೊನೆ ಎಂದುಕೊಂಡಿದ್ದೆ. ಇದು ನನ್ನ ಎಣಿಕೆಯಲ್ಲೇ ಇರಲಿಲ್ಲ. ಕ್ಷಮಿಸಿ ಎನ್ನಲು ಹೊರಟರೆ ಆಕೆ ಕೈ ಅಡ್ಡ ಹಿಡಿದರು. ನನಗೆ ಹೇಳಿ ಏನು ಪ್ರಯೋಜನ, ಅವರಿಗೆ ಹೇಳಿ, ಈಗಲೇ ಬನ್ನಿ ಎಂದರು. ಚಪ್ಪಲಿ ಮೆಟ್ಟಿ ಮುಂದೆ ನಡೆದೇಬಿಟ್ಟರು.

ಭಾವನ ಮನೆ ಎರಡು ಹೊಲದಾಚೆ. ಟೊಮೆಟೊ ಗಿಡಕ್ಕೆ ಕೋಲು ನೆಡುತ್ತಿದ್ದ ಅವರು ತಮ್ಮನ ಹೆಂಡತಿ ಬರುವುದನ್ನು ಕಂಡು ಬೆನ್ನು ತಿರುಗಿಸಿಕೊಂಡರು. ಈಕೆ ಬದುವಿನ ಮೇಲೆಯೇ ನಿಂತು ತೆಲುಗಿನಲ್ಲಿ ಏನೋ ಹೇಳಿದರು. ಅವರು ತಿರುಗಿ ನನ್ನನ್ನು ನೋಡಿದರು. ನಾನು ಮೊದಲಿನಿಂದ ಇನ್ನೊಮ್ಮೆ ಹೇಳಿದೆ. ಎರಡನೇ ಸಲ ಹೇಳುವುದು ಸುಲಭವಾಗಲಿಲ್ಲ. ಮಾತು ಮಾತಿಗೂ ತಡವರಿಸಿದೆ. ಅವರ ಕೈಯಲ್ಲಿ ಕೋಲು ಇತ್ತು. ನನಗೆ ನಿಜವಾಗಿಯೂ ಭಯವಾಗಿತ್ತು.

"ಆರು ವರ್ಷ ಆಯ್ತಲ್ಲಮ್ಮಾ," ಎಂದರು. "ನಮ್ಮಪ್ಪನ ತಿಥೀನೂ ನಾನೂ ತಮ್ಮನೂ ಬೇರೆ ಬೇರೆ ಮಾಡಿದ್ವಿ."

ಆಮೇಲೆ ಆಕೆಯೇ, ಕಲ್ಲು ಇಡಿಯಾಗಿದ್ದಾಗಿನ ಫೋಟೋ ಇದೆಯಾ ಎಂದು ಕೇಳಿದರು. ಅವರ ಮನೆಯಲ್ಲಿ ಒಂದೂ ಇರಲಿಲ್ಲ. ಪ್ರತಿ ವರ್ಷ ಪೂಜೆ ಮಾಡುವ ಕಲ್ಲಿಗೆ ಫೋಟೋ ಯಾಕೆ ಎಂದುಕೊಂಡಿದ್ದರಂತೆ. ನಾನು ಫೋನಿನಲ್ಲಿ ಫೋರಮ್ ತೆರೆದೆ. ಸಿಗ್ನಲ್ ಕಮ್ಮಿ, ಚಿತ್ರ ಮೇಲಿನಿಂದ ಚೂರು ಚೂರೇ ಇಳಿಯಿತು. ಅಕ್ಷರ ಬಂತು, ವೀರನ ಜಡೆ ಬಂತು, ಕಾಲ ಬಳಿಯ ಹಸುಗಳು ಬಂದವು. ಭಾವ ಕೋಲನ್ನು ನೆಲಕ್ಕೆ ಹಾಕಿ ಫೋನನ್ನು ಕೈಗೆ ತೆಗೆದುಕೊಂಡರು. ಬಿಸಿಲಿಗೆ ಕಾಣದೆ ಟವೆಲ್ ಮರೆ ಮಾಡಿಕೊಂಡು ನೋಡಿದರು. ಅದರಲ್ಲಿ ಏನು ಬರೆದಿತ್ತು ಎಂದು ಕೇಳಿದರು. ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಿಕೊಂಡು ಬಂದು ಸತ್ತವನ ಕಲ್ಲು, ಅವನ ತಮ್ಮ ನಿಲ್ಲಿಸಿದ್ದು ಎಂದೆ.

ಅವರು ಫೋನ್ ಹಿಂದಿರುಗಿಸಿದರು. ಈ ಫೋಟೋ ಇನ್ನು ಐದು ದಿನಕ್ಕೆ ಇರುವುದಿಲ್ಲ, ಉಳಿಸಲು ನೀವು ಒಪ್ಪಬೇಕು ಎಂದು ವಿಷಯ ತಿಳಿಸಿದೆ. ಅವರು ಆಕೆಯ ಮುಖ ನೋಡಿದರು.

"ಇಟ್ಕೊಳ್ಳಿ," ಎಂದರು ಭಾವ. "ದಾರಿ ಮಾತ್ರ ಬರೀಬೇಡಿ. ನಮ್ದೂ ಬೇಡ, ಇನ್ಯಾರ್ದೂ ಬೇಡ."

ಬಸ್ಸಿಗೆ ಕಾಯುತ್ತಾ ಆಡಿಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು, "ಹೇಳಿದ್ಯಾ?" ಎಂದಷ್ಟೇ. ನಾನು ಅಣ್ಣತಮ್ಮಂದಿರ ವಿಷಯವನ್ನೂ ಹೇಳಿದೆ. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ಪಾಸ್‌ವರ್ಡ್ ಹೇಳಿದರು. ಬೆಳಗಿನ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.

ಮುಂದಿನ ನಾಲ್ಕು ದಿನ ನಾನು ಡ್ಯೂಟಿ ಮುಗಿಸಿ ಮಾಲೂರಿಗೆ ಹೋಗಿ ಗೆಳೆಯನ ಅಂಗಡಿಯಲ್ಲಿ ಕೂತೆ. ಬರಹವೆಲ್ಲ ಒಂದೇ ಮಧ್ಯಾಹ್ನ ಇಳಿಯಿತು. ಆದರೆ ಹೊಸ ಸೈಟಿನಲ್ಲಿ ತೆರೆದು ನೋಡಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿತ್ತು, ಸಾಲು ಸಾಲು. ಯಾವುದೋ ಒಂದು ಆಯ್ಕೆ ತಪ್ಪಾಗಿದೆ ಎಂದು ಗೆಳೆಯ ಎಲ್ಲ ಅಳಿಸಿ ಮತ್ತೆ ಮೊದಲಿನಿಂದ ಇಳಿಸಿದ. ಆ ಸಲ ಅಕ್ಷರ ಸರಿ ಬಂತು. ಫೋಟೋಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತಿದ್ದವು, ಮತ್ತೆ ಶುರು ಮಾಡಬೇಕು, ಮತ್ತೆ ನಿಲ್ಲುತ್ತಿದ್ದವು.

ನಮ್ಮಿಬ್ಬರ ನಡುವೆ ಜಗಳವೂ ಆಯಿತು. ಎಲ್ಲ ಪುಟಗಳಿಂದ ದಾರಿಯ ಸಾಲುಗಳನ್ನು ತೆಗೆಯಬೇಕು ಎಂದೆ. ಇನ್ನೊಬ್ಬರು ಬರೆದದ್ದನ್ನು ಕತ್ತರಿಸಿದರೆ ಅದು ಹಳೆಯ ಫೋರಮ್ ಹೇಗಾಗುತ್ತದೆ ಎಂದು ಅವನು ಮೌಸ್ ಬಿಟ್ಟು ಕೂತ. ಅವನ ಮಾತಿನಲ್ಲೂ ನ್ಯಾಯವಿತ್ತು. ಕೊನೆಗೆ, ಒಂದಕ್ಷರವೂ ಬದಲಾಗದ ಪ್ರತಿಯನ್ನು ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಹಾಕಿ, ಒಂದು ಆಡಿಟರ ಮನೆಯಲ್ಲಿ, ಒಂದು ಅವನ ಅಂಗಡಿಯಲ್ಲಿ ಇಡುವುದು, ಊರಿಗೆಲ್ಲ ಕಾಣುವ ಪ್ರತಿಯಲ್ಲಿ ದಾರಿ ತೆಗೆದು, ತೆಗೆದಿದ್ದೇವೆಂದು ಅಲ್ಲೇ ಬರೆಯುವುದು ಎಂದಾಯಿತು. ಒಂದೊಂದೇ ಪುಟ ತೆರೆದು ಆ ಕೆಲಸ ಮಾಡಿದವಳು ನಾನು. ಎಷ್ಟು ಊರುಗಳ ದಾರಿ ಬರೆದಿದ್ದೆವು ನಾವು. ಯಾವ ಮನೆಯ ಹಿಂದೆ, ಯಾರ ಬಾವಿಯ ಪಕ್ಕ, ನಾಯಿ ಇದೆಯೋ ಇಲ್ಲವೋ ಎಂಬುದನ್ನೂ.

ಕೊನೆಯ ದಿನ ಬೆಳಗ್ಗೆಯಿಂದ ಫೋಟೋ ಇಳಿಯುತ್ತಲೇ ಇತ್ತು. ಹನ್ನೆರಡು ಗಂಟೆಯ ಸುಮಾರಿಗೆ ಪರದೆಯ ಮೇಲಿನ ಪಟ್ಟಿ ನಿಂತಿತು. ಗೆಳೆಯ ಮತ್ತೆ ಒತ್ತಿದ. ಇಂಥ ವಿಳಾಸವೇ ಇಲ್ಲ ಎಂದು ಬಂತು. ಸಂಜೆವರೆಗೆ ಸಮಯವಿದೆ ಎಂದುಕೊಂಡಿದ್ದೆವು. ಶ್ರೀನಿವಾಸಪುರ, ನಂಗಲಿ ಕಡೆಯ ಎಷ್ಟೋ ಕಲ್ಲುಗಳ ಫೋಟೋ ಬರಲಿಲ್ಲ. ಬರಹ ಇದೆ, ಚಿತ್ರದ ಜಾಗದಲ್ಲಿ ಖಾಲಿ ಚೌಕ. ನಾನು ಐದು ದಿನ ಸುಮ್ಮನೆ ಕಳೆಯದಿದ್ದರೆ ಅವೂ ಬರುತ್ತಿದ್ದವು.

ಆ ಫೋಟೋಗಳಲ್ಲಿ ಹೆಚ್ಚಿನವು ಶ್ರೀನಿವಾಸಪುರದ ನಿವೃತ್ತ ಡ್ರಾಯಿಂಗ್ ಮೇಷ್ಟರು ತೆಗೆದವು. ಮೆಮೊರಿ ಕಾರ್ಡು ಹಾಳಾಗಿ ಅವರ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಹೊಸ ಸೈಟು ನೋಡಿದ ದಿನ ಅವರು ನನಗೆ ಫೋನ್ ಮಾಡಿ, ಚಿತ್ರ ಕಳೆದಿರಿ, ನಾನು ಬರೆದ ಸಾಲನ್ನೂ ಕತ್ತರಿಸಿದಿರಿ, ಕೇಳಬೇಕು ಅನ್ನಿಸಲಿಲ್ಲವಾ ಎಂದರು. ನಾನು ಸಮಜಾಯಿಷಿ ಹೇಳದೆ ತಪ್ಪಾಯಿತು ಎಂದೆ. ಅವರು ಕೂಟ ಬಿಟ್ಟರು.

ಹುತ್ತೂರಿನ ಕಲ್ಲಿನ ಪುಟ ಪೂರ್ತಿಯಾಗಿ ಬಂದಿದೆ. ಅದರ ಕೆಳಗೆ, ದಾರಿ ಬರೆದವಳು ನಾನು, ಅದರಿಂದ ಏನಾಯಿತು ಎಂಬುದನ್ನು ನನ್ನ ಹೆಸರಿನಲ್ಲೇ ಬರೆದು ಅವತ್ತಿನ ತಾರೀಕು ಹಾಕಿದೆ. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಣ್ಣತಮ್ಮಂದಿರ ಎರಡೂ ಮನೆಗಳಿಗೆ ಒಂದೊಂದು ಪ್ರತಿ ಕಳಿಸಿದೆ.

ಎರಡು ತಿಂಗಳ ಮೇಲೆ ರೇಷ್ಮೆ ಮನೆಯ ಆಕೆಗೆ ಫೋನ್ ಮಾಡಿದ್ದೆ. ಗೂಡು ಚೆನ್ನಾಗಿ ಬಂತು ಎಂದರು. ಅಣ್ಣತಮ್ಮ ಮಾತಾಡುತ್ತಾರಾ ಎಂದು ಕೇಳಿದೆ. ಬೋರ್‌ವೆಲ್ ನೀರಿನ ಪಾಳಿಯ ವಿಷಯಕ್ಕೆ ಮಾತಾಡುತ್ತಾರೆ, ಬೇರೆ ಏನೂ ಇಲ್ಲ ಎಂದರು. ಮೊದಲು ಅದಕ್ಕೂ ಯಾರನ್ನಾದರೂ ಕಳಿಸುತ್ತಿದ್ದರಂತೆ.