ಮುರುಗೆಪ್ಪನವರು ಹೊಲಿದ ನಾಲ್ಕನೆಯ ಕೊಂಬು

ಮುರುಗೆಪ್ಪನವರು ಯಾರನ್ನು ಕಂಡರೂ ಮೊದಲು ತಲೆ ನೋಡುತ್ತಿದ್ದರು, ಮುಖ ಆಮೇಲೆ. ಬೈಲಹೊಂಗಲದ ಪೇಟೆಯಲ್ಲಿ ಹರೆಯದಿಂದ ಮುಪ್ಪಿನವರೆಗೆ ಟೋಪಿ ಹೊಲಿದ ಕೈ ಅವರದು. ಕೂಸುಗಳ ಕುಲಾವಿ, ಮದುಮಗನ ಜರಿ ಟೋಪಿ, ಹಿರಿಯರ ಬಿಳಿ ಟೋಪಿ, ಎಲ್ಲವನ್ನೂ ಹೊಲಿದಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಅಕ್ಷತಾ ಅವರನ್ನು ಅಮೆರಿಕದ ಪಿಸ್ಕಾಟವೇಗೆ ಕರೆತಂದಳು. ನಮ್ಮ ಅಪಾರ್ಟ್‌ಮೆಂಟಿನ ಎದುರು ಬಾಗಿಲೇ ಅವರದು. ವೈ-ಟು-ಕೆ ಕಂಪ್ಯೂಟರ್ ಕೆಲಸವೆಂದು ಮಕ್ಕಳೆಲ್ಲ ಶನಿವಾರವೂ ಆಫೀಸಿಗೆ ಓಡುತ್ತಿದ್ದ ಕಾಲ ಅದು. ಹಗಲೆಲ್ಲ ಮನೆಯಲ್ಲಿ ಉಳಿಯುತ್ತಿದ್ದವರು ನಾವು ಮುದುಕರು.

"ಈ ದೇಶದಾಗ ತಲಿ ಅದಾವ, ಟೋಪಿ ಇಲ್ರೀ ಶೈಲಮ್ಮಾರ" ಎಂದು ನನಗೆ ಹೇಳುತ್ತಿದ್ದರು.

"ಥಂಡಿಗೆ ಎಲ್ಲಾರೂ ಹಾಕ್ಕೊಂಡಾರಲ್ರೀ?"

"ಉಣ್ಣೀದು? ಅದು ಟೋಪಿ ಏನ್ರೀ! ತಲೀಗೆ ಹಾಕಿದ ಕಾಲುಚೀಲ."

ಸುಮ್ಮನೆ ಕೂತಾಗಲೂ ಅವರ ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಲೇ ಇರುತ್ತಿತ್ತು, ದಾರ ಹೊಸೆದ ಹಾಗೆ. ಇಲ್ಲಿಗೆ ಬಂದ ಮೇಲೆ ಅವರು ಒಂದು ಗುಂಡಿಯನ್ನೂ ಹಚ್ಚಿರಲಿಲ್ಲ. ಅಳಿಯ ರಾಜಶೇಖರನ ಅಂಗಿ ಹರಿದರೆ ಹೊಸದೇ ಬರುತ್ತಿತ್ತು.

ಹತ್ತಿರದ ಚರ್ಚಿನ ನೆಲಮಾಳಿಗೆಯಲ್ಲಿ ಹೊರದೇಶದ ಮುದುಕರಿಗೆ ಪುಕ್ಕಟೆ ಇಂಗ್ಲಿಷ್ ಕಲಿಸುತ್ತಿದ್ದರು. ನಡೆದು ಹೋಗುವಷ್ಟು ದೂರದಲ್ಲಿ ನಮಗಿದ್ದದ್ದು ಅದೊಂದೇ ಜಾಗ. ಹೀಗಾಗಿ ಇಬ್ಬರೂ ಸೇರಿಕೊಂಡೆವು. ಕಲಿಸುವವರು ಫಾದರ್ ಕಾನ್‌ರಾಯ್, ನಿವೃತ್ತ ಪಾದ್ರಿ. ನಮ್ಮದೇ ವಯಸ್ಸು, ಉದ್ದನೆಯ ಆಳು, ಮಾತಿಗೊಮ್ಮೆ ನಗು. ಒಂದು ದಿನ ಬಟ್ಟೆಬರೆಯ ಹೆಸರು ಕಲಿಸುವ ಪಾಠ. ಶೂ ತೋರಿಸಿದರು, ಕೋಟು ತೋರಿಸಿದರು. ಕಡೆಗೆ ಒಂದು ಡಬ್ಬಿಯಿಂದ ಕಪ್ಪು ಟೋಪಿ ತೆಗೆದು "ಮೈ ಹ್ಯಾಟ್" ಎಂದರು.

ಅಂಥ ಟೋಪಿಯನ್ನು ನಾನು ಕಂಡಿರಲಿಲ್ಲ. ಚೌಕಾಕಾರ, ನೆತ್ತಿಯ ಮೇಲೆ ಎದ್ದು ನಿಂತ ಕೊಂಬುಗಳು, ನಡುವೆ ದಾರದ ಗೊಂಡೆ. ನುಸಿ ಹತ್ತಿ ರೇಷ್ಮೆ ಜೂಲಾಗಿತ್ತು, ಒಳಗಿನ ರಟ್ಟು ಮುರಿದಿತ್ತು. ಮುರುಗೆಪ್ಪನವರು ಕೇಳದೆಯೇ ಎದ್ದು ಹೋಗಿ ಅದನ್ನು ಫಾದರ್ ಕೈಯಿಂದ ತೆಗೆದುಕೊಂಡು ತಿರುವಿ ಹಾಕಿ ನೋಡತೊಡಗಿದರು. ಫಾದರ್‌ಗೆ ಖುಷಿಯಾಯಿತು. ಹಳೆಯ ಚಿತ್ರಗಳ ಪುಸ್ತಕ ತಂದು ಬಿಡಿಸಿದರು. ಆಫೀಸು ಮುಗಿಸಿ ನಮ್ಮನ್ನು ಕರೆದೊಯ್ಯಲು ಬಂದ ಅಕ್ಷತಾ ಫಾದರ್ ಮಾತನ್ನು ಕನ್ನಡದಲ್ಲಿ ಹೇಳಿದಳು. ಹಿಂದೆ ಪಾದ್ರಿಗಳೂ ಪಂಡಿತರೂ ಮೆತ್ತನೆಯ ಟೋಪಿ ಹಾಕುತ್ತಿದ್ದರಂತೆ. ತೆಗೆಯುವಾಗ ಬೆರಳಿನಿಂದ ಚಿವುಟಿ ಹಿಡಿದಲ್ಲಿ ಮಡಿಕೆ ಬಿದ್ದು, ಆ ಮಡಿಕೆಗಳೇ ಮುಂದೆ ಕೊಂಬಾದವಂತೆ.

"ನೋಡ್ರಿ, ಬೆರಳಿನ ಗುರುತು!" ಎಂದು ಮುರುಗೆಪ್ಪನವರು ಕೊಂಬನ್ನು ಸವರಿದರು.

ಬರುವ ಭಾನುವಾರ ಫಾದರ್ ಪಾದ್ರಿಯಾಗಿ ಐವತ್ತು ವರ್ಷ ತುಂಬುವ ಹಬ್ಬ. ದೀಕ್ಷೆಯ ದಿನ ಅವರ ತಾಯಿ ಈ ಟೋಪಿ ಕೊಟ್ಟಿದ್ದರು. ಹಬ್ಬಕ್ಕೆ ಇದನ್ನೇ ಹಾಕಬೇಕೆಂಬ ಆಸೆ, ಆದರೆ ರಿಪೇರಿ ಮಾಡುವವರು ಯಾರೂ ಸಿಕ್ಕಿರಲಿಲ್ಲ.

"ನಾ ಮಾಡ್ತೀನಿ ಅಂತ ಹೇಳವ್ವಾ."

"ಅಪ್ಪಾ, ಇಟ್ಸ್ ಟೂ ರಿಸ್ಕಿ. ಅವರ ತಾಯಿ ಕೊಟ್ಟದ್ದು."

"ನಿನ್ನ ಮೊದಲನೇ ಕುಲಾವಿ ಯಾರು ಹೊಲಿದಾರ? ಹೇಳು ಅಂದ್ರ ಹೇಳು!"

ಮುರುಗೆಪ್ಪನವರ ರೀತಿ ಒಂದೇ. ಗೊತ್ತಿಲ್ಲದ ಹೊಲಿಗೆಯಾದರೆ ಪೂರ್ತಿ ಬಿಚ್ಚಿ, ಬಿಚ್ಚಿದ ಹಾದಿಯಲ್ಲೇ ಹಿಂದಿರುಗಿ ಹೊಲಿಯುವುದು. ರಾಜಶೇಖರನ ಹೊಸ ಅಂಗಿಯ ಮಡಿಕೆಯೊಳಗಿನ ರಟ್ಟು ಕತ್ತರಿಸಿ ಒಳಗಿಟ್ಟರು. ನುಸಿ ತಿಂದಲ್ಲಿ ದಾರದಿಂದಲೇ ನೆಯ್ದರು. ಆದರೆ ಬಿಚ್ಚುವಾಗ ಎಣಿಸಿದರೆ ಕೊಂಬು ಮೂರೇ ಇದ್ದವು, ಒಂದು ಮೂಲೆ ಬೋಳು.

"ಒಂದು ನುಸಿ ಪಾಲಾಗ್ಯದ. ಮೂರು ಯಾರರ ಇಡ್ತಾರೇನ್ರೀ? ತಾಟಿಗೆ ಮೂರು ರೊಟ್ಟಿ ನೀಡೂದಿಲ್ಲ ನಾವು."

ನನಗೂ ಅದು ಸರಿಯೆನಿಸಿತು. ಮಗಳ ಮದುವೆಗೆಂದು ತಾವೇ ಹೊಲಿದುಕೊಂಡಿದ್ದ ಕರಿ ಕೋಟಿನ ಒಳಮಡಿಕೆ ಕತ್ತರಿಸಿ ನಾಲ್ಕನೆಯ ಕೊಂಬು ಎಬ್ಬಿಸಿದರು. ಹಳೆಯದು ಯಾವುದು, ಹೊಸದು ಯಾವುದು ಎಂದು ಗೊತ್ತಾಗದ ಹಾಗೆ.

ಶನಿವಾರ ಸಂಜೆ, ಆಫೀಸಿನಿಂದ ಬಂದ ಅಕ್ಷತಾಳನ್ನೂ ಕರೆದುಕೊಂಡು ಹೋಗಿ ಕೊಟ್ಟೆವು. ಫಾದರ್ ಡಬ್ಬಿ ತೆಗೆದು "ಓ!" ಎಂದರು. ಟೋಪಿಯನ್ನು ಮೇಜಿನ ಮೇಲಿಟ್ಟು ನಿಧಾನ ತಿರುಗಿಸಿದರು. ಜೋರಾಗಿ ನಕ್ಕರು. ನಗುತ್ತಲೇ ಕುರ್ಚಿಯಲ್ಲಿ ಕೂತರು, ಆಮೇಲೆ ನಗಲಿಲ್ಲ.

ಅಕ್ಷತಾ ಕೇಳಿಸಿಕೊಂಡು ಹೇಳಿದಳು. ಪಾದ್ರಿಯ ಟೋಪಿಗೆ ಮೂರೇ ಕೊಂಬು. ಕೊಂಬಿಲ್ಲದ ಬದಿ ಎಡಗಿವಿಯ ಮೇಲೆ ಬರಬೇಕು. ನಾಲ್ಕು ಕೊಂಬು ಡಾಕ್ಟರ್ ಪದವಿ ಪಡೆದ ಪಂಡಿತರಿಗೆ ಮಾತ್ರ. ಫಾದರ್ ಆ ಓದಿಗೆಂದೇ ರೋಮ್‌ಗೆ ಹೋಗಿದ್ದರು. ಮುಗಿಯುವ ಮೊದಲೇ, ಇಲ್ಲಿ ಪಾದ್ರಿಗಳು ಸಾಲುತ್ತಿಲ್ಲ ಎಂದು ಬಿಷಪ್ಪರು ಹಿಂದಕ್ಕೆ ಕರೆಸಿಕೊಂಡರು.

"ನಾಳೆ ಅವರ ಕ್ಲಾಸ್‌ಮೇಟ್ಸ್ ಎಲ್ಲಾ ಬರ್ತಾರಂತೆ ಅಪ್ಪಾ. ಇದನ್ನ ಹಾಕ್ಕೊಂಡ್ರೆ ಸುಳ್ಳು ಹೇಳಿದ ಹಾಗೆ ಅಂತಾರೆ. ಪರವಾಗಿಲ್ಲ, ಹಾಗೇ ಇಟ್ಕೋತೀನಿ, ತುಂಬಾ ಬ್ಯೂಟಿಫುಲ್ ಆಗಿದೆ ಅಂತಿದಾರೆ."

"ಇಟ್ಕೊಳ್ಳಾಕ ಅಲ್ಲವ್ವಾ, ಹಾಕ್ಕೊಳ್ಳಾಕ ಹೊಲಿದದ್ದು."

"ಹಾಗಾದ್ರೆ ಒಂದು ತೆಗೀರಿ."

ಮುರುಗೆಪ್ಪನವರು ಅಲ್ಲಾಡಲಿಲ್ಲ. "ಹಬ್ಬದ ದಿನ ನನ್ನ ಕೈಯಿಂದ ಮೂರು ಕೊಡಂಗಿಲ್ಲ. ಅವ್ರಿಗೆ ಕೇಡಾಗಬಾರದು."

ಅಕ್ಷತಾ ಹಣೆ ಹಿಡಿದುಕೊಂಡಳು. ಫಾದರ್ ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದರು. ಹಬ್ಬ ನಾಳೆ. ಇವರು ತೆಗೆಯದಿದ್ದರೆ ತಾಯಿಯ ಟೋಪಿ ಮತ್ತೆ ಡಬ್ಬಿ ಸೇರುತ್ತದೆ.

"ಮುರುಗೆಪ್ಪನವರ" ಎಂದೆ, "ಬಿಲ್ವಪತ್ರಿಗೆ ಎಷ್ಟು ಎಲಿ ಅದಾವ್ರೀ?"

"ಮೂರು" ಎಂದು ನನ್ನನ್ನೇ ದಿಟ್ಟಿಸಿದರು.

"ಸೋಮವಾರಕ್ಕೊಮ್ಮೆ ಶಿವನ ತಲಿ ಮ್ಯಾಲ ಏರಸ್ತೀರಲ್ಲ, ನಾಲ್ಕನೇದು ಹೊಲಿದು ಏರಸ್ತೀರೇನು?"

"ಶೈಲಮ್ಮಾರ, ಇದನ್ನ ಮೊದಲ ಹೇಳಾಕ ಬಾಯಿ ಇರಲಿಲ್ಲೇನು?" ಎಂದು ಗದರಿದರು. ಆದರೆ ಕೈ ಆಗಲೇ ಜೇಬಿನ ಕತ್ತರಿಗೆ ಹೋಗಿತ್ತು.

ಅಲ್ಲೇ, ಪಾಠದ ಮೇಜಿನ ಮೇಲೆ, ಒಂದೊಂದೇ ಹೊಲಿಗೆ ಬಿಚ್ಚಿದರು. ಕೊಂಬು ಕಳಚಿ ಬಂದಾಗ ಫಾದರ್ ಆ ಬಟ್ಟೆಯನ್ನು ಮುಟ್ಟಿ, ಇದು ಎಲ್ಲಿಯದು ಎಂದು ಕೇಳಿದರು. ಮುರುಗೆಪ್ಪನವರು ತಾವು ತೊಟ್ಟಿದ್ದ ಕೋಟಿನ ಅಂಚು ಮಗುಚಿ ಕತ್ತರಿಸಿದ ಜಾಗ ತೋರಿಸಿದರು. ಫಾದರ್ ಟೋಪಿಯ ಒಳಗೆ ನೆತ್ತಿ ತಾಗುವ ಜಾಗಕ್ಕೆ ಬೆರಳಿಟ್ಟರು. ಅದನ್ನು ತಿಳಿಸಲು ಅಕ್ಷತಾ ಬೇಕಾಗಲಿಲ್ಲ. ಮುರುಗೆಪ್ಪನವರು ಆ ಬಟ್ಟೆಯನ್ನು ಮಡಿಸಿ ಅಲ್ಲೇ ಹೊಲಿದರು.

ಭಾನುವಾರ ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಮುರುಗೆಪ್ಪನವರ ತಲೆಯ ಮೇಲೆ ಗರಿಗರಿ ಬಿಳಿ ಟೋಪಿ. ಒಬ್ಬ ಹಿರಿಯ ಬಂದು, ಚರ್ಚಿನೊಳಗೆ ತೆಗೆಯಬೇಕು ಎಂದು ಸನ್ನೆ ಮಾಡಿದ.

"ಬರೇ ತಲೀಲೆ ದೇವರ ಮುಂದ ಹ್ಯಾಂಗ ಕೂಡೂದು?" ಎಂದು ಮುರುಗೆಪ್ಪನವರು ಪಿಸುಗುಟ್ಟಿ, ಮೆರವಣಿಗೆಯಲ್ಲಿ ಬರುತ್ತಿದ್ದ ಫಾದರ್ ಕಡೆಗೆ ಬೆರಳು ತೋರಿಸಿದರು. ಅವರ ತಲೆಯ ಮೇಲೂ ಟೋಪಿ ಇತ್ತಲ್ಲ! ಆ ಹಿರಿಯ ನಕ್ಕು ಹೋದ. ಮುಂದೆ ಪೂಜೆಯಲ್ಲಿ ಫಾದರ್ ತೆಗೆದಾಗ ಇವರೂ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರು ಕೂತು ಹಾಕಿಕೊಂಡಾಗ ಇವರೂ ಹಾಕಿಕೊಂಡರು. ಪೂಜೆ ಮುಗಿಯುವವರೆಗೂ ಹೀಗೇ ನಡೆಯಿತು.

ಮುಗಿದ ಮೇಲೆ ಫಾದರ್ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುತ್ತಿದ್ದರು. ಗಡಿಬಿಡಿಯಲ್ಲಿ ಟೋಪಿಯ ಬೋಳು ಬದಿ ಬಲಕ್ಕೆ ಬಂದಿತ್ತು. ಮುರುಗೆಪ್ಪನವರು ಸಾಲು ಬಿಟ್ಟು ಮುಂದೆ ಹೋಗಿ ತುದಿಗಾಲಿನ ಮೇಲೆ ನಿಂತರು.

"ಎಡಕ್ಕ, ಫಾದರ್, ಎಡಕ್ಕ."

ಫಾದರ್ ಮಕ್ಕಳ ಹಾಗೆ ತಲೆ ಬಾಗಿಸಿದರು.