ಓಬಳೇಶನ ಫೋನಿಗೆ ಬಂದ ಕರೆ

ದೆವ್ವ, ಪೀಡೆ, ಗಾಳಿ ಸೋಕುವುದು ಎಂಬ ಮಾತು ಬಂದರೆ ನಾನು ಎದ್ದು ಹೋಗುತ್ತಿದ್ದೆ. ನಮ್ಮೂರು ನನ್ನಿವಾಳದಲ್ಲಿ ಯಾರದೋ ಮೈಮೇಲೆ ಯಾರೋ ಬಂದರು ಅಂದರೆ, "ಬಂದೋರಿಗೆ ಟೀ ಕೊಟ್ಟು ಕಳ್ಸಿ" ಎಂದು ನಗಾಡಿ ಅವ್ವನ ಕೈಯಲ್ಲಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಈಗ ಅವನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಬರೆಯುವ ಧೈರ್ಯ ಬರಲು ಇಷ್ಟು ವರ್ಷ ಬೇಕಾಯಿತು. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಚಳ್ಳಕೆರೆಯ ಹೊರಗಿದ್ದ ಒಂದು ಕಾರ್ಖಾನೆಯಲ್ಲಿ ಟೈಮ್‌ಕೀಪರ್ ಆಗಿದ್ದೆ. ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಅರೆದ ಮೇಲೂ ಹಿಂಡಿಯಲ್ಲಿ ಒಂದಿಷ್ಟು ಎಣ್ಣೆ ಉಳಿದಿರುತ್ತದೆ. ಆ ಹಿಂಡಿಯನ್ನು ಪೆಟ್ರೋಲಿನಂಥ ಒಂದು ದ್ರವದಲ್ಲಿ ತೊಳೆದು ಆ ಕೊನೆಯ ಎಣ್ಣೆಯನ್ನೂ ತೆಗೆಯುವುದು ನಮ್ಮಲ್ಲಿಯ ಕೆಲಸ. ಆ ದ್ರವಕ್ಕೆ ನಾವೆಲ್ಲ ಸಾಲ್ವೆಂಟ್ ಎನ್ನುತ್ತಿದ್ದೆವು. ಅದರ ಆವಿ ಕಣ್ಣಿಗೆ ಕಾಣುವುದಿಲ್ಲ. ಹೊತ್ತಿಕೊಳ್ಳಲು ಒಂದು ಸಣ್ಣ ಕಿಡಿ ಸಾಕು. ಹಾಗಾಗಿ ಬೀಡಿ, ಬೆಂಕಿಪೊಟ್ಟಣವೆಲ್ಲ ಗೇಟಿನಲ್ಲೇ ಉಳಿಯಬೇಕು. ಮೊಳೆ ಹೊಡೆದ ಚಪ್ಪಲಿ ಮೆಟ್ಟಿಕೊಂಡು ಸಹ ಒಳಗೆ ಹೋಗುವಂತಿರಲಿಲ್ಲ. ನಮ್ಮ ಕಡೆಗೆ ಮೊಬೈಲು ಬಂದ ಮೇಲೆ ಅದೂ ಆ ಪಟ್ಟಿಗೆ ಸೇರಿತು.

ಗೇಟಿನ ಕೋಣೆಯಲ್ಲಿ ನನ್ನ ಮೇಜಿನ ಪಕ್ಕ ಖಾನೆಗಳಿದ್ದ ಒಂದು ಮರದ ಡಬ್ಬಿ ಇತ್ತು. ಒಳಗೆ ಹೋಗುವವರು ನನ್ನ ಕಣ್ಣೆದುರೇ ಫೋನು ಆಫ್ ಮಾಡಿ ಅದರಲ್ಲಿಟ್ಟು ಹೋಗಬೇಕು. "ಇಷ್ಟು ಫೋನಿಂದ ಏನಾಗ್ತೈತ್ರೀ?" ಎಂದು ಗೊಣಗದವರಿಲ್ಲ. ಬೆಂಕಿಯ ಬಗ್ಗೆ ತಿಳಿಹೇಳಲು ಬಂದಿದ್ದ ಅಧಿಕಾರಿಯನ್ನು ನಾನೂ ಒಮ್ಮೆ ಹಾಗೇ ಕೇಳಿದ್ದೆ. ಅವರು, "ಬ್ಯಾಟರಿ ಸಡಿಲ ಇದ್ರೆ, ಕೈಜಾರಿ ಬಿದ್ರೆ, ಕಣ್ಣಿಗೆ ಕಾಣದ ಕಿಡಿ ಬರಬಹುದು. ಆಗೇ ಆಗುತ್ತೆ ಅಂತ ಹೇಳಲ್ಲ. ಆಗೋದೇ ಇಲ್ಲ ಅಂತ ಹೇಳೋ ಧೈರ್ಯ ನನಗಿಲ್ಲ" ಅಂದರು. ಅವತ್ತಿನಿಂದ ನಾನು ಮ್ಯಾನೇಜರರ ಫೋನನ್ನೂ ಒಳಗೆ ಬಿಡುತ್ತಿರಲಿಲ್ಲ.

ನನ್ನ ತಮ್ಮ ಮಂಜನಿಗೂ ಅಲ್ಲೇ ಕೆಲಸ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನಾನೇ ಅವನಿಗೆ ಅಪ್ಪನೂ ಆಗಿದ್ದೆ, ಅವನನ್ನು ಅಲ್ಲಿ ಸೇರಿಸಿದವನೂ ನಾನೇ. ಅವನ ಹೆಂಡತಿ ಶಾಂತಾ ಚೊಚ್ಚಲ ಬಸುರಿಯಾಗಿ ಪರಶುರಾಂಪುರದ ತವರಿನಲ್ಲಿದ್ದಳು. ಅವಳ ದನಿ ಕೇಳಲೆಂದೇ ಅವನು ಹೊಸ ಮೊಬೈಲು ತಂದಿದ್ದ. ದಿನಾ ಗೇಟಿನಲ್ಲಿ ಅದನ್ನು ನನ್ನ ಕೈಗೆ ಕೊಡುವಾಗ ಮಗುವನ್ನು ಬಿಟ್ಟು ಹೋಗುವವನ ಹಾಗೆ ಮುಖ ಮಾಡುತ್ತಿದ್ದ. "ಅಣ್ಣಾ, ಅವ್ಳೇನಾರ ಫೋನ್ ಮಾಡಿದ್ರೆ?" ಅನ್ನುವನು. "ಆಫ್ ಆಗಿರೋ ಫೋನಿಗೆ ಹೆಂಗೋ ಬರ್ತೈತೆ? ಹೋಗ್ ಒಳಿಕ್ಕೆ" ಎಂದು ಗದರುತ್ತಿದ್ದೆ.

ಅಲ್ಲಿ ಕೆಲಸಕ್ಕಿದ್ದ ಇನ್ನೊಬ್ಬನ ಹೆಸರು ಓಬಳೇಶ. ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯವನು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಮಂಜನೂ ಅವನೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಸ್ನೇಹಿತರು.

ಅದು ಬೇಸಿಗೆಯ ಒಂದು ಮಧ್ಯಾಹ್ನ. ಓಬಳೇಶನದು ಎರಡು ಗಂಟೆಯ ಪಾಳಿ. ಒಳಗೆ ಹೋಗುವಾಗ ಅವನು ಕೊಟ್ಟ ಫೋನು ತೀರಾ ಹಗುರವಾಗಿತ್ತು. ತಿರುಗಿಸಿ ನೋಡಿದರೆ ಹಿಂದಿನ ಮುಚ್ಚಳವೇ ಇಲ್ಲ, ಬ್ಯಾಟರಿಯೂ ಇಲ್ಲ. ಬ್ಯಾಟರಿ ಉಬ್ಬಿಕೊಂಡಿದೆಯೆಂದು ಅದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಕೊಟ್ಟು, ನಾಳೆ ಹೊಸದು ಹಾಕಿಸುತ್ತೇನೆಂದು ಬರಿಯ ಫೋನು ಹಿಡಿದುಕೊಂಡು ಬಂದಿದ್ದ.

"ಲೇ, ಇದ್ರಾಗೆ ಜೀವಾನೇ ಇಲ್ಲ, ಇದನ್ಯಾಕ್ ಕೊಡ್ತೀಯ?" ಅಂದೆ.

"ರೂಲ್ಸ್ ಅಂದ್ರೆ ರೂಲ್ಸ್ ಕಣಣ್ಣ" ಎಂದು ನಗುತ್ತಾ ತಾನೇ ಖಾನೆಯಲ್ಲಿಟ್ಟು ಹೋದ.

ಮಂಜ ಬೆಳಗಿನ ಪಾಳಿ ಮುಗಿಸಿ ಆ ಹೊತ್ತಿಗೆ ಹೊರಬಂದ. ಅವನ ಫೋನು ಅವನಿಗೆ ಕೊಟ್ಟೆ. ಐದು ಗಂಟೆಯ ಬಸ್ಸಿಗೆ ಪರಶುರಾಂಪುರಕ್ಕೆ ಹೊರಡುವವನಿದ್ದ. ಮುಖ ತೊಳೆದು, ಬೇರೆ ಅಂಗಿ ತೊಟ್ಟು, ನನ್ನ ಕೋಣೆಯಲ್ಲೇ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮಲಗಿದ. ಆಮೇಲೆ ಎದುರಿನ ಟೀ ಅಂಗಡಿಗೆ ಹೋದ.

ನಾಲ್ಕು ಗಂಟೆ ಆಗಿರಬೇಕು. ಡಬ್ಬಿಯೊಳಗೆ ಫೋನು ರಿಂಗಾಯಿತು.

ಯಾರೋ ಆಫ್ ಮಾಡದೆ ಇಟ್ಟಿದ್ದಾರೆ ಎಂದು ಸಿಟ್ಟು ಬಂತು. ನೋಡಿದರೆ ಓಬಳೇಶನ ಖಾನೆಯಲ್ಲಿದ್ದ ಫೋನು. ನೀವು ಕೇಳಬಹುದು, ಬ್ಯಾಟರಿ ಇಲ್ಲದ್ದು ಆಗಲೇ ನೆನಪಾಗಲಿಲ್ಲವೇ ಎಂದು. ಆಗಲಿಲ್ಲ. ರಿಂಗಾದ ಫೋನನ್ನು ಕೈ ತಾನಾಗಿ ಎತ್ತುತ್ತದೆ. ನಾನೂ ಎತ್ತಿ ಕಿವಿಗಿಟ್ಟುಕೊಂಡೆ. ವಯಸ್ಸಾದ ಹೆಣ್ಣುಮಗಳ ದನಿ. ಗಾಬರಿಯೇನೂ ಇರಲಿಲ್ಲ ಅದರಲ್ಲಿ. ಬೇಲಿಯಾಚೆಯಿಂದ ನೆರೆಮನೆಯವರನ್ನು ಕರೆಯುವ ಹಾಗಿತ್ತು. ಮಾತಿನಲ್ಲಿ ತೆಲುಗು ಬೆರೆತಿತ್ತು.

"ಮಾ ಓಬುಲೇಸುನ್ನ ಒಂದ್ ಗಳಿಗೆ ಹೊರಿಕ್ಕೆ ಕರೀಯಪ್ಪ."

"ಯಾರು ತಾಯಿ ನೀವು?"

"ಅವ್ನವ್ವ ಕಣಪ್ಪ. ಬಿರ್ನೆ ಕರಿ."

ಅಷ್ಟೆ. ಮುಂದೆ ಸದ್ದಿಲ್ಲ. ಕೊಂಡ್ಲಹಳ್ಳಿಯಲ್ಲಿ ಏನೋ ಆಗಿದೆ ಎಂದುಕೊಂಡು ಫೋನನ್ನು ಅಲ್ಲೇ ಇಟ್ಟು ಓಡಿದೆ. ಪ್ಲಾಂಟಿನ ಬಾಗಿಲಲ್ಲಿ ನಿಂತು ಕೂಗಿದೆ. ಓಬಳೇಶ ಕೈ ಒರೆಸಿಕೊಳ್ಳುತ್ತಾ ಬಂದ. "ನಿಮ್ಮವ್ವ ಫೋನ್ ಮಾಡಿದ್ರು ಕಣೋ. ಮಾ ಓಬುಲೇಸುನ್ನ ಕರಿ ಅಂದ್ರು" ಎಂದೆ.

ಅವನು ಕೈ ಒರೆಸುವುದನ್ನು ನಿಲ್ಲಿಸಿದ. "ಅಣ್ಣಾ, ನಮ್ಮವ್ವಂಗೆ ಲಕ್ವ ಹೊಡ್ದು ಎಲ್ಡು ವರ್ಷ ಆತು. ಮಾತೇ ಇಲ್ಲ ಆವಮ್ಮಂಗೆ. ಓಬುಲೇಸು ಅಂತ ಕರೀತಿದ್ದೋಳು ಅವ್ಳೊಬ್ಳೇ."

ಯಾವ ಫೋನಿಗೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾರೋ ಅವ್ವನ ಪರವಾಗಿ ಮಾಡಿರಬೇಕು, ನೀನು ಮೊದಲು ಊರಿಗೆ ಫೋನ್ ಮಾಡಿ ಕೇಳು ಎಂದೆ. ಆದರೆ ಅವನ ಜಾಗದಲ್ಲಿ ಒಬ್ಬರು ನಿಲ್ಲಲೇಬೇಕಿತ್ತು, ಓಡುತ್ತಿರುವ ಯಂತ್ರವನ್ನು ಬಿಟ್ಟು ಬರುವಂತಿರಲಿಲ್ಲ. ಅಷ್ಟರಲ್ಲಿ ನಾನು ಓಡಿದ್ದನ್ನು ಕಂಡು ಟೀ ಅಂಗಡಿಯಿಂದ ಮಂಜ ಬಂದಿದ್ದ.

"ನಾನ್ ನಿಂತ್ಕಂತೀನಿ, ನೀ ಹೋಗಿ ಬಾರಲೇ. ಬಸ್ಸಿಗಿನ್ನೂ ಟೈಮ್ ಐತೆ" ಎಂದವನೇ ಒಳಗೆ ನಡೆದ.

ನಾನು ಅಲ್ಲೇ ನಿಂತಿದ್ದೆ. ನನ್ನ ಎದುರಿಗೇ ಅವನು ಒಳಗೆ ಹೋದ. ಅವನ ಅಂಗಿಯ ಜೇಬು ನನ್ನ ಕಣ್ಣಿಗೆ ಬಿತ್ತೋ ಇಲ್ಲವೋ ನಾನು ಹೇಳಲಾರೆ. ಬಿದ್ದಿರಬೇಕು. ಮ್ಯಾನೇಜರರ ಫೋನನ್ನೂ ಬಿಡದ ನಾನು ನನ್ನ ತಮ್ಮನಿಗೆ 'ನಿಲ್ಲು' ಎನ್ನಲಿಲ್ಲ.

ಓಬಳೇಶ ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಓಡಿದ. ಅವನ ಮನೆಯಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯವರಿಗೆ ಮಾಡಿ, ಅವರು ಹೋಗಿ ನೋಡಿಕೊಂಡು ಬಂದು ಹೇಳಬೇಕು. ನಾನು ಗೇಟಿನ ಬಳಿ ನಿಂತು ಬೂತಿನ ಗಾಜಿನೊಳಗೆ ಅವನು ರಿಸೀವರ್ ಹಿಡಿದು ಕಾಯುತ್ತಿದ್ದುದನ್ನು ನೋಡುತ್ತಿದ್ದೆ. ಆಗ ಹಿಂದಿನಿಂದ ಆ ಸದ್ದು ಬಂತು. ಸಿಡಿಲಿನಂಥ ಸದ್ದಲ್ಲ. ದೊಡ್ಡ ಕಂಬಳಿಯೊಂದನ್ನು ಒಮ್ಮೆಲೇ ಕೊಡವಿದ ಹಾಗೆ. ತಿರುಗುವಷ್ಟರಲ್ಲಿ ಪ್ಲಾಂಟಿನ ಕಿಟಕಿಗಳಲ್ಲಿ ಬೆಂಕಿ ಇತ್ತು.

ಒಳಗಿದ್ದ ಉಳಿದಿಬ್ಬರು ಹಿಂಬದಿಯ ಏಣಿ ಇಳಿದು ಪಾರಾದರು. ಮಂಜನನ್ನು ನಾಲ್ಕು ಜನ ಗೋಣಿಚೀಲದಲ್ಲಿ ಸುತ್ತಿ ಹೊರತಂದರು. ಅವನ ಸ್ಥಿತಿಯನ್ನು ನಾನು ಬರೆಯುವುದಿಲ್ಲ. ಜೀಪಿನಲ್ಲಿ ಚಿತ್ರದುರ್ಗಕ್ಕೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಕಣ್ಣು ಬಿಟ್ಟ.

"ಅಣ್ಣಾ, ಫೋನ್ ನಿನ್ ಕೈಗ್ ಕೊಡಾದು ಮರ್ತೆ ಕಣಣ್ಣ" ಅಂದ. ಸ್ವಲ್ಪ ಸುಧಾರಿಸಿಕೊಂಡು, "ಬೈಬ್ಯಾಡ" ಅಂದ.

ಇಲ್ಲ ಕಣಪ್ಪಾ, ಬೈಯಲ್ಲ ಕಣಪ್ಪಾ ಎಂದು ನಾನು ಹೇಳುತ್ತಲೇ ಇದ್ದೆ. ಎಷ್ಟನೇ ಸಲ ಹೇಳುವಾಗ ಅವನು ಕೇಳಿಸಿಕೊಳ್ಳುವುದನ್ನು ನಿಲ್ಲಿಸಿದನೋ ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿದ್ದವರು ಕೈ ಹಿಡಿದು ನಿಲ್ಲಿಸಿದರು.

ವಿಚಾರಣೆಗೆ ಬಂದವರ ಮುಂದೆ, ಅವನ ಫೋನು ತೆಗೆದುಕೊಳ್ಳದೆ ಒಳಗೆ ಬಿಟ್ಟವನು ನಾನೇ ಎಂದೆ. ಅವರು ಬರೆದುಕೊಂಡರು. ಫೋನಿಂದ ಆಗಿರಬಹುದು, ಯಾವುದೋ ಮೋಟಾರಿನ ವೈರಿಂದ ಆಗಿರಬಹುದು, ಪಾಳಿಯವನಲ್ಲದ ಕಾರಣ ಬದಲಿಸದೆ ಹೋದ ಅವನ ಚಪ್ಪಲಿಯ ಮೊಳೆಯಿಂದಲೂ ಆಗಿರಬಹುದು ಎಂದರು. ಕೊನೆಗೆ ಕಾರಣ ಖಚಿತವಾಗಿ ತಿಳಿದುಬಂದಿಲ್ಲ ಎಂದೇ ಆಯಿತು.

ಕಾರ್ಯದ ದಿನ ಶಾಂತಾ ನನ್ನ ಹತ್ತಿರ ಬಂದು ಕೂತಳು. ಅವಳಿಗೆ ಆಗ ಏಳು ತಿಂಗಳು. "ಭಾವ, ಅವತ್ತು ಬಸ್ ಹತ್ತಿದ್ರೇನೋ ಅಂತ ಕೇಳಾಕೆ ನಾನು ಫೋನ್ ಮಾಡಿದ್ದೆ. ಒಂದ್ಸಲ ರಿಂಗಾಗಿ ಕಟ್ಟಾತು. ಆಗ ಅವ್ರು ಎಲ್ಲಿದ್ರು?" ಎಂದಳು. ಎಷ್ಟು ಗಂಟೆಗೆ ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. "ಫೋನು ನನ್ ಡಬ್ಬ್ಯಾಗೇ ಇತ್ತು ಕಣವ್ವಾ. ಅವ್ನತ್ರ ಇರ್ಲಿಲ್ಲ" ಎಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹೂಂ ಎಂದು ಎದ್ದು ಹೋದಳು.

ಬ್ಯಾಟರಿಯ ವಿಷಯ ನೆನಪಾದದ್ದು ಅದಾದ ಎರಡು ದಿನಕ್ಕೆ, ಓಬಳೇಶ ತನ್ನ ಫೋನು ಕೇಳಲು ಬಂದಾಗ. ಡಬ್ಬಿಯಿಂದ ತೆಗೆದೆ. ಹಿಂದೆ ಖಾಲಿ. ಅದನ್ನು ಮೇಜಿನ ಮೇಲೆ ಮಗುಚಿಟ್ಟು ಅವನಿಗೆ ತೋರಿಸಿದೆ. ಇಬ್ಬರೂ ಸೇರಿ ಅಂಗಡಿಗೆ ಹೋದೆವು. ಉಬ್ಬಿದ ಹಳೆಯ ಬ್ಯಾಟರಿ ಅಲ್ಲೇ ಇತ್ತು, ಓಬಳೇಶ ಕೊಟ್ಟ ಬೆಳಿಗ್ಗೆಯಿಂದ ಅದು ಅಲುಗಿಲ್ಲ ಎಂದು ಅಂಗಡಿಯವನು ಹೇಳಿದ. ಹೊಸದು ಹಾಕಿಸಿ, ಬಂದ ಕರೆಗಳನ್ನು ನೋಡಿದೆವು. ಕೊನೆಯ ಕರೆ ಬೆಂಕಿ ಬಿದ್ದ ಹಿಂದಿನ ದಿನದ್ದು, ನಮ್ಮ ಮಂಜನದು. ನಾಲ್ಕು ಗಂಟೆಗೆ ಬಂದ ಕರೆ ಅದರಲ್ಲಿರಲಿಲ್ಲ. ಓಬಳೇಶ ರಸ್ತೆ ಬದಿಯಲ್ಲೇ ಕುಳಿತುಬಿಟ್ಟ. "ನಾನು ಹೊರಿಕ್ಕೆ ಬರ್ಬಾರ್ದಿತ್ತಣ್ಣ" ಎನ್ನುತ್ತಾ ಅತ್ತ. ಅವನನ್ನು ಹೊರಗೆ ಕರೆದವನು ನಾನು. ಅವನಿಗೆ ಏನೆಂದು ಸಮಾಧಾನ ಹೇಳಲಿ?

ಬೇರೆ ಯಾರದೋ ಫೋನು ರಿಂಗಾಗಿ, ನಾನು ಅದನ್ನೆತ್ತಿ ಓಬಳೇಶನದೆಂದು ತಿಳಿದೆನೋ? ಇದನ್ನು ನೂರು ಸಲ ಯೋಚಿಸಿದ್ದೇನೆ. ಅವತ್ತು ಡಬ್ಬಿಯಲ್ಲಿದ್ದದ್ದು ಇನ್ನೆರಡು ಫೋನು. ಎರಡೂ ಆಫ್ ಆಗಿದ್ದವು. ಇಲ್ಲಾ, ಊಟದ ಮೇಲಿನ ಜೊಂಪಿನಲ್ಲಿ ಕನಸು ಕಂಡೆನೋ? ಹಾಗಿದ್ದರೆ ಓಬುಲೇಸು ಎಂಬ ಹೆಸರು ನನಗೆ ಎಲ್ಲಿಂದ ಬಂತು? ನಾನು ಅದನ್ನು ಅದಕ್ಕೂ ಮೊದಲು ಕೇಳಿದವನಲ್ಲ.

ಮೂರು ತಿಂಗಳಾದ ಮೇಲೆ ಕೊಂಡ್ಲಹಳ್ಳಿಗೆ ಹೋದೆ. ಓಬಳೇಶನ ಅವ್ವ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಬಲಗೈ ಮಡಚಿಕೊಂಡಿತ್ತು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಅವತ್ತು ನಾಲ್ಕರ ಹೊತ್ತಿಗೆ ಇವರು ಏನು ಮಾಡುತ್ತಿದ್ದರು ಎಂದು ಸೊಸೆಯನ್ನು ಕೇಳಿದೆ. ಮಧ್ಯಾಹ್ನ ಮಲಗಿದವರು ದೀಪ ಹಚ್ಚುವ ಹೊತ್ತಿಗೇ ಎದ್ದದ್ದು ಎಂದಳು. ನಾನು ಮುದುಕಿಯ ಎದುರು ಕೂತು, "ಅವ್ವಾ, ಅವತ್ತು ಕರ್ದಿದ್ದು ನೀನೇನಾ?" ಎಂದೆ. ಎಡಗೈಯಿಂದ ನನ್ನ ಕೈ ಹಿಡಿದರು. ಗಂಟಲಿನಲ್ಲಿ ಒಂದು ಸದ್ದು ಬಂತು. ಅದು ಹೌದೋ ಅಲ್ಲವೋ ಸೊಸೆಗೂ ತಿಳಿಯಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡರು.

ನಾನು ಆ ಕೆಲಸ ಬಿಟ್ಟೆ. ಶಾಂತಾ ಹೆಣ್ಣುಮಗುವನ್ನು ಹೆತ್ತು, ಪರಶುರಾಂಪುರದಲ್ಲೇ ಬಟ್ಟೆ ಹೊಲಿದು ಅದನ್ನು ಬೆಳೆಸಿದಳು. ಇದನ್ನು ಬರೆಯಬೇಕೆಂದಾಗ, ಅವಳಿಗೆ ಹೇಳದೆ ಬರೆಯುವುದು ತಪ್ಪು ಅನ್ನಿಸಿತು. ಕಳೆದ ತಿಂಗಳು ಹೋಗಿ ಎಲ್ಲವನ್ನೂ ಹೇಳಿದೆ. ಆ ದನಿಯ ಬಗ್ಗೆ, ನಾನು ಕೇಳದೆ ಬಿಟ್ಟ ಅವನ ಫೋನಿನ ಬಗ್ಗೆ, ಕಾರ್ಯದ ದಿನ ನಾನಾಡಿದ ಸುಳ್ಳಿನ ಬಗ್ಗೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಸುಳ್ಳು ಅಂತ ಅವತ್ತೇ ಗೊತ್ತಿತ್ತು ಭಾವ" ಎಂದಳು. "ನಿಮ್ ಡಬ್ಬ್ಯಾಗಿದ್ದಿದ್ರೆ ನೀವು ಆಫ್ ಮಾಡ್ಸಿರ್ತಿದ್ರಿ. ರಿಂಗೇ ಆಗ್ತಿರ್ಲಿಲ್ಲ."

ತಾನು ಮಾಡಿದ ಕರೆಯಿಂದಲೇ ಕಿಡಿ ಹತ್ತಿತೇನೋ ಎಂಬುದನ್ನು ಇಷ್ಟು ವರ್ಷ ಅವಳು ಎದೆಯಲ್ಲಿಟ್ಟುಕೊಂಡೇ ಬದುಕಿದ್ದಳು. ನಾನು ತಲೆ ತಗ್ಗಿಸಿದೆ. ನಿನ್ನ ಕರೆಯಿಂದಲೇ ಆಯಿತೆಂದು ಯಾರೂ ಹೇಳಿಲ್ಲ ಕಣವ್ವಾ, ಯಾರಿಗೂ ಗೊತ್ತಿಲ್ಲ ಎಂದೆ.  ಅವಳು ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಮಡಚಿದಳು, ಬಿಚ್ಚಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಆ ಅವ್ವ ಯಾರೇ ಆಗಿರ್ಲಿ ಭಾವ. ನಿಮ್ಗೆ ಮಾಡಿದ್ಹಂಗೆ ನಂಗೂ ಒಂದು ಫೋನ್ ಯಾಕ್ ಮಾಡ್ಲಿಲ್ಲ? ಈಗ ಮಾಡ್ಬ್ಯಾಡ ಕಣೇ ಅಂತ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತು."