ಬೀಗಿತ್ತಿಯ ತಟ್ಟೆಯ ತಲೆ

ತಂಗಿಗೆ ಬೀಗಿತ್ತಿಯಾಗಬೇಕಿದ್ದ ಹೆಂಗಸು ಮೀನಿನ ತಲೆಯನ್ನು ತಟ್ಟೆಯ ಅಂಚಿಗೆ ಸರಿಸಿದ್ದೇ ತಡ, ಎದುರಿಗೆ ಕೂತಿದ್ದ ಅಕ್ಕ ಕೈಚಾಚಿ ಅದನ್ನು ಎತ್ತಿಕೊಂಡೇಬಿಟ್ಟಳು. ಕೈಚೀಲದಿಂದ ಚಿಮಟ ತೆಗೆದು, ತಲೆ ಸೀಳಿ, ಬೇಳೆಯಷ್ಟು ದೊಡ್ಡ ಬಿಳಿ ಕಲ್ಲೊಂದನ್ನು ಹೆಕ್ಕಿ ದೀಪಕ್ಕೆ ಹಿಡಿದಳು. ಹೋಟೆಲಿನ ಮೇಜಿನ ಸುತ್ತ ಎಲ್ಲರ ತುತ್ತೂ ಬಾಯಿಯ ಹತ್ತಿರ ಬಂದು ನಿಂತಿತು.

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ತಂಗಿಗೆ. ಮಗಳು ತಾನೇ ಮೆಚ್ಚಿದ ಹುಡುಗ. ಅವನ ತಾಯಿ ಇನ್ನೂ ಹೂಂ ಅಂದಿರಲಿಲ್ಲ. ಎಲ್ಲ ಈ ಊಟದ ಮೇಲೆ ನಿಂತಿತ್ತು. ಹೊರಡುವಾಗಲೇ "ಅಕ್ಕಾ, ಇವತ್ತೊಂದಿನ ಮೀನಿನ ಮಾತು ಬೇಡ ಕಣೇ" ಅಂದಿದ್ದಳು. ಅಕ್ಕ ಕೊಟ್ಟ ಮಾತು ಉಳಿಸಿಕೊಂಡಿದ್ದಳು. ತುಟಿ ಪಿಟಕ್ಕೆನ್ನದೆ ಕೆಲಸ ಮುಗಿಸಿದ್ದಳು.

ಮನೆಯವರ ಬಾಯಲ್ಲಿ ಅವಳು ಮೀನಕ್ಕ. ಮೀನಿನ ವಿಜ್ಞಾನಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಗೆ ತಂದದ್ದು ವಾಸನೆಯೊಂದೇ. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಸದಾ ಖಾಲಿ. "ರಾಜಮರ್ಯಾದೆ ಕಣೇ" ಎನ್ನುತ್ತ ಆರಾಮಾಗಿ ಕೂರುತ್ತಿದ್ದಳು. ಬಂದರಿನಲ್ಲಿ ದೋಣಿಯವರು "ಮೇಡಂಗೆ ತಲೆ ಕೆಟ್ಟಿದೆ" ಎಂದರೆ, "ಕೆಟ್ಟ ತಲೆ ಬೇಡಪ್ಪ, ತಾಜಾ ತಲೆ ಕೊಡು" ಅನ್ನುತ್ತಿದ್ದಳು. ಮೀನಿನ ಕಿವಿಯೊಳಗಿನ ಕಲ್ಲಿನಲ್ಲಿ ವರ್ಷಕ್ಕೊಂದು ಬಳೆ ಮೂಡುತ್ತದೆ. ಎಣಿಸಿದರೆ ವಯಸ್ಸು ಸಿಗುತ್ತದೆ. ಎಳೆಯ ಮೀನನ್ನೇ ಬಾಚಿದರೆ ನಾಳೆ ಬಲೆಗೆ ಬರೀ ನೀರು ಎಂದು ಅವಳು ಹೇಳಿ ಹೇಳಿ, ಕೊನೆಗೆ ಬಲೆಯ ಕಣ್ಣು ದೊಡ್ಡದಾಯಿತು, ದೋಣಿಯವರ ಕಣ್ಣು ತೆರೆಯಿತು. ಆಮೇಲೆ ಅವರೇ ಬುಟ್ಟಿಗಟ್ಟಲೆ ತಲೆ ತಂದು ಸುರಿದರು.

"ಏನ್ರೀ ಅದು, ಮುತ್ತಾ?" ಹುಡುಗನ ತಾಯಿ ಕೇಳಿದರು.

ಮೀನಕ್ಕ ತಂಗಿಯ ಮುಖ ನೋಡಿದಳು. ಬಾಯಿ ಬಿಡುವ ಹಾಗಿಲ್ಲ. ಮೆಲ್ಲಗೆ ಕೈಚೀಲದಿಂದ ಭೂತಗನ್ನಡಿ ತೆಗೆದು, ಕಲ್ಲಿನ ಜೊತೆ ಮುಂದೆ ಚಾಚಿದಳು.

"ಹೇಳೇ ಇನ್ನು, ಹೇಳು!" ತಂಗಿ ಶರಣಾದಳು.

"ಕಿವಿಗಲ್ಲು ಇದು. ಒಳಗಿರೋ ಬಳೆ ಎಣಿಸಿ. ಎಷ್ಟು ಬಳೆಯೋ ಅಷ್ಟು ವಯಸ್ಸು."

"ಒಂದು... ಎರಡು... ಅಯ್ಯೋ, ನಾಲ್ಕು! ರೀ, ನಿಮ್ಮ ತಲೆ ಕೊಡಿ ಇಲ್ಲಿ!" ಆಕೆ ಗಂಡನ ತಟ್ಟೆಗೇ ಕೈಹಾಕಿದರು.

ಊಟ ಮುಗಿಯುವಷ್ಟರಲ್ಲಿ ಮೇಜಿನ ಮೇಲೆ ಒಂದು ತಲೆಯೂ ಇಡಿಯಾಗಿ ಉಳಿದಿರಲಿಲ್ಲ. "ಇಂಥ ದೊಡ್ಡಮ್ಮ ಇರೋ ಹುಡುಗೀನ ಯಾರು ಬಿಡ್ತಾರೆ? ನಮಗೆ ಒಪ್ಪಿಗೆ" ಎಂದರು ಹುಡುಗನ ತಾಯಿ, ಕೈ ಒರೆಸಿಕೊಳ್ಳುತ್ತ. ತಂಗಿಗೆ ಹೋದ ಜೀವ ಬಂತು. "ಈಗ ನೀವು ಹೇಳಿ, ನಮ್ಮ ಹುಡುಗ ಹೇಗೆ?" ಹುಡುಗನ ತಾಯಿ ಮೀನಕ್ಕನ ಕಡೆ ತಿರುಗಿದರು.

ಮೀನಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಚಿಮಟವನ್ನು ಒಳಗಿಟ್ಟಳು.

"ತಲೆ ಬಿಚ್ಚದೆ ಏನೂ ಹೇಳಕ್ಕಾಗಲ್ಲ."